ಸೆಕ್ಟರ್ ನಲವತ್ತರ ಅನಾಮಿಕ ಬಳಕೆ

ಮನೆಗೂ ನಾಡಿ ಇರುತ್ತದೆ ಎಂದು ನನಗೆ ಮೊದಲು ಹೇಳಿದವನು ಇರ್ಫಾನ್ ಸೌದಾಗರ, ಕಂಟ್ರೋಲ್ ರೂಮಿನ ಎಂಜಿನಿಯರ್. ತರಬೇತಿಯ ಮೊದಲನೆಯ ದಿನ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು ಅವನು ನಮಗೆಲ್ಲ ವಿವರಿಸಿದ. ಇದರ ಒಂದು ಕೈ ಕರೆಂಟ್ ಮೀಟರಿಗೆ, ಇನ್ನೊಂದು ಕೈ ನೀರಿನ ಪೈಪಿಗೆ. ಮಿಕ್ಸರ್ ತಿರುಗಿದರೆ ವಿದ್ಯುತ್ತು ಒಂದು ಥರ ನಡುಗುತ್ತದೆ, ಫ್ರಿಜ್ಜಿನ ಮೋಟಾರಿಗೆ ಇನ್ನೊಂದು ಥರ. ಬಚ್ಚಲ ನಳ ಬಿಟ್ಟಾಗ ಪೈಪಿನೊಳಗೆ ಏಳುವ ಒತ್ತಡದ ಅಲೆ ಬೇರೆ, ಅಡುಗೆಮನೆಯ ನಳದ್ದು ಬೇರೆ. ಹೊರಗಿನ ಗೋಡೆಗೆ ಅಂಟಿಕೊಂಡೇ ಈ ಪೆಟ್ಟಿಗೆ ಮನೆಯೊಳಗೆ ಏನೇನು ನಡೆಯುತ್ತಿದೆ ಎಂದು ಹೇಳಬಲ್ಲದು. ಸರಕಾರಿ ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ನಾವು ನಾಡಿ ಎಂದೇ ಕರೆದೆವು.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಊರಿಗೆ ಬೇಕಾದಷ್ಟು ವಿದ್ಯುತ್ತಿಲ್ಲದ, ಐದು ದಿನಕ್ಕೊಮ್ಮೆ ನಳದಲ್ಲಿ ನೀರು ಬರುವ ಕಾಲ ಅದು. ಆಗ ಹುಟ್ಟಿದ್ದು ಮಿತಬಳಕೆ ಮಂಡಳಿ. ಮಂಡಳಿಯವರು ನಿಮ್ಮ ಮನೆಗೆ ಬಂದು ಎಷ್ಟು ಕರೆಂಟು, ಎಷ್ಟು ನೀರು ಪೋಲಾಗುತ್ತಿದೆ ಎಂದು ತಪಾಸಣೆ ಮಾಡುತ್ತಾರೆ. ಖರ್ಚೆಲ್ಲ ಸರಕಾರದ್ದು. ಸೋರುವ ನಳ ಬದಲಿಸಿಕೊಡುತ್ತಾರೆ, ಹಳೇ ಬಲ್ಬಿಗೆ ಹೊಸದು ಹಾಕುತ್ತಾರೆ, ಮನೆಗೊಂದು ದರ್ಜೆ ಕೊಡುತ್ತಾರೆ. ಬದಲಿಗೆ ನೀವು ಪೋಲು ಮಾಡುವುದನ್ನು ಬಿಡಬೇಕು. ಬಿಡದಿದ್ದರೆ ಕರೆಂಟನ್ನೋ ನೀರನ್ನೋ ಕಡಿದು ನಾಡಿ ಬಿಡಿಸುತ್ತದೆ.

ಬಾಗಲಕೋಟೆಯ ನವನಗರದಲ್ಲಿ ನಾನು ತಪಾಸಕಿ. ಹೆಸರು ಮಹಾನಂದಾ ಕೆರೂರ. ತೊಟ್ಟಿಕ್ಕುವ ನಳ ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ನೆಂಟರ ಮನೆಗೆ ಹೋದರೂ ಎದ್ದುಹೋಗಿ ಖಾಲಿ ಕೋಣೆಯ ಫ್ಯಾನು ಆರಿಸಿ ಬರುವವಳು ನಾನು. ಇಂಥವಳಿಗೆ ಸರಕಾರ ಕೈಯಲ್ಲೊಂದು ಟ್ಯಾಬ್ ಕೊಟ್ಟು, ಹೋಗಿ ಊರಿನವರನ್ನೆಲ್ಲ ಬಯ್ದು ಬಾ ಎಂದರೆ ಹೇಗಿರಬೇಡ? ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಮೊದಲ ದಿನದ ಕೆಲಸಕ್ಕೆ ನಾವು ನಾಮಕರಣ ಎನ್ನುತ್ತಿದ್ದೆವು. ಮನೆಯ ಒಂದೊಂದೇ ನಳ ಬಿಟ್ಟು, ಒಂದೊಂದೇ ಸ್ವಿಚ್ ಹಾಕಿ, ನಾಡಿ ಕೇಳಿಸಿಕೊಂಡ ಪ್ರತಿಯೊಂದು ನಡುಕಕ್ಕೂ ಟ್ಯಾಬಿನಲ್ಲಿ ಹೆಸರು ಕೊಡಬೇಕು. ಆಮೇಲೆ ಹತ್ತು ದಿನ ನಾಡಿ ಸುಮ್ಮನೆ ಕೇಳುತ್ತದೆ. ಹೆಸರಿಲ್ಲದ್ದು ಏನಾದರೂ ಸಿಕ್ಕರೆ ಅನಾಮಿಕ ಎಂದು ಪಟ್ಟಿ ಮಾಡುತ್ತದೆ. ನಾವು ಮತ್ತೆ ಆ ಮನೆಗೆ ಹೋಗಿ, ಅದೇನೆಂದು ಕಣ್ಣಾರೆ ನೋಡಿ, ಮೂರರಲ್ಲಿ ಒಂದನ್ನು ಒತ್ತಬೇಕು: ಅಗತ್ಯ, ರಿಪೇರಿ, ವ್ಯರ್ಥ. ಇಡೀ ಜಿಲ್ಲೆಯಲ್ಲಿ ಅನಾಮಿಕಗಳನ್ನು ಎಲ್ಲರಿಗಿಂತ ಬೇಗ ತೀರಿಸುವವಳು ಎಂಬ ಹೆಸರು ನನಗಿತ್ತು. ಅದು ಹೇಗೆ ಬಂತೆಂದು ಈಗ ಹೇಳುತ್ತೇನೆ, ನಾಚಿಕೆಯಾದರೂ.

ಸೆಕ್ಟರ್ ನಲವತ್ತರ ಇನ್ನೂರಾ ಹನ್ನೆರಡನೇ ಮನೆಗೆ ನಾನು ಹೋದದ್ದು ಮಾರ್ಚ್ ತಿಂಗಳಲ್ಲಿ, ನೀರು ಬರುವ ದಿನ. ಮನೆಯಾಕೆ ನೀಲವ್ವ ಗುಡೂರ ಅಂಗಳದಲ್ಲಿ ನಿಂತು ಒಂದು ಬ್ಯಾರಲ್ ಪೂರ್ತಿ ನೀರನ್ನು ರಸ್ತೆಗೆ ಚೆಲ್ಲುತ್ತಿದ್ದಳು. ಹೊಸ ನೀರು ಬಂತಲ್ಲ, ಹಳೆಯದು ಹಳಸಿತು. ನವನಗರದ ಅರ್ಧ ಹೆಂಗಸರು ಮಾಡುವುದೇ ಇದು. ಬುಧವಾರದವರೆಗೆ ಕುಡಿದ ನೀರು ಗುರುವಾರ ಹೊಸದು ಬಂದ ಕೂಡಲೇ ಮೈಲಿಗೆಯಾಗುತ್ತದೆ. ನನಗೆ ತಡೆಯಲಾಗಲಿಲ್ಲ. ಗೇಟಿನಿಂದಲೇ ಶುರು ಮಾಡಿದೆ. ಆಕೆ ಕೊಡಪಾನ ಕೆಳಗಿಟ್ಟು, ಹಳೇ ನೀರು ಹೆಂಗ ಕುಡಿಯೂದ್ರಿ ಎಂದು ನನ್ನನ್ನೇ ತಿರುಗಿ ಕೇಳಿದಳು.

ಒಳಗೆ ಹೊರಸಿನ ಮೇಲೆ ಆಕೆಯ ಗಂಡ ದ್ಯಾಮಣ್ಣ ಎರಡೂ ಕೈ ಮೊಣಕಾಲಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದ. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ನೆಗಡಿ ಎಂದಳು ನೀಲವ್ವ. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಮನುಷ್ಯ, ಈಗ ಮನೆಯಲ್ಲೇ ಇರುತ್ತಾನಂತೆ. ಹೊರಸಿನ ಪಕ್ಕದಲ್ಲಿ ಹಗ್ಗ ಕಟ್ಟಿ ಹಳೇ ಇಳಕಲ್ ಸೀರೆಯೊಂದನ್ನು ಪರದೆಯಂತೆ ಇಳಿಬಿಟ್ಟಿದ್ದರು. ಅದರ ಹಿಂದಿನಿಂದ ಟುಸ್, ಟುಸ್ ಎಂದು ಸಣ್ಣ ಸದ್ದು ಬರುತ್ತಿತ್ತು. ಅದೇನು ಎಂದು ಕೇಳಿದೆ. ಬಾಜೂ ಮನೆಯ ಕುಕ್ಕರ್ ಎಂದಳು. ಮನೆಯಲ್ಲಿ ಎರಡು ಲೈಟು, ಒಂದು ಫ್ಯಾನು, ಒಂದು ಮಿಕ್ಸರು, ಅಷ್ಟೇ ಎಂದಳು. ನಾನು ಅಷ್ಟಕ್ಕೇ ಹೆಸರಿಟ್ಟು, ಬಚ್ಚಲ ನಳಕ್ಕೆ ಹೊಸ ವಾಷರ್ ಹಾಕಿಸಿ, ನೀರಿನ ಬಗ್ಗೆ ಇನ್ನೊಂದು ಸುತ್ತು ಬುದ್ಧಿ ಹೇಳಿ ಹೊರಟೆ. ದ್ಯಾಮಣ್ಣ ಒಂದು ಮಾತೂ ಆಡಲಿಲ್ಲ. ಹೊರಡುವಾಗ ನಮಸ್ಕಾರ ಎಂಬಂತೆ ಒಂದು ಕೈ ಎತ್ತಿ, ಬೇಗ ಮತ್ತೆ ಮೊಣಕಾಲಿಗೆ ಊರಿಕೊಂಡ.

ಹತ್ತು ದಿನದ ನಂತರ ಆ ಮನೆಯ ಹೆಸರಿನಲ್ಲಿ ಒಂದು ಅನಾಮಿಕ ಬಂತು. ಹಗಲೂ ಇರುಳೂ ಬಿಡದೆ ತೊಂಬತ್ತು ವಾಟ್. ನಿಯಮದ ಪ್ರಕಾರ ನಾನು ಹೋಗಿ ನೋಡಬೇಕಿತ್ತು. ಆ ದಿನ ನನ್ನ ಪಟ್ಟಿಯಲ್ಲಿ ಮೂವತ್ತೊಂದು ಅನಾಮಿಕಗಳಿದ್ದವು, ಹೊರಗೆ ಬೆಂಕಿಯಂಥ ಬಿಸಿಲು. ಫೋನ್ ಮಾಡಿದೆ. ಏನೂ ಇಲ್ರಿ ಮೇಡಂ ಎಂದಳು. ಬ್ಯಾರಲ್‌ಗಟ್ಟಲೆ ನೀರು ಚೆಲ್ಲುವ ಹೆಂಗಸು, ಸೀರೆಯ ಹಿಂದೆ ಯಾವುದೋ ಹಳೇ ಫ್ರಿಜ್ ಬಚ್ಚಿಟ್ಟಿದ್ದಾಳೆ ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡೆ. ಕಚೇರಿಯ ನೆರಳಲ್ಲಿ ಕೂತು, ಚಹಾ ಕುಡಿಯುತ್ತ, ಫ್ರಿಜ್ ಎಂದು ಬರೆದು ವ್ಯರ್ಥ ಎಂದು ಒತ್ತಿದೆ.

ಏಪ್ರಿಲ್ ಹದಿನೇಳು, ಗುರುವಾರ. ಅಂದು ಮೊದಲನೆಯ ವಾರ್ಡಿನಲ್ಲಿ ನಿಯಮ ಜಾರಿಯಾಗುವ ದಿನ. ಮಧ್ಯಾಹ್ನ ಎರಡರಿಂದ ಆರರವರೆಗೆ, ವ್ಯರ್ಥ ಎಂದು ಬರೆದ ಯಂತ್ರದ ನಡುಕ ಕೇಳಿಸಿದರೆ ನಾಡಿ ಆ ಮನೆಯ ಕರೆಂಟನ್ನು ಪೂರ್ತಿ ಕಡಿಯುತ್ತದೆ. ಆಮೇಲೆ ನಿಮಿಷಕ್ಕೊಮ್ಮೆ ಒಂದು ಕ್ಷಣ ಬಿಟ್ಟು ನೋಡುತ್ತದೆ. ಆ ಯಂತ್ರದ ಪ್ಲಗ್ ತೆಗೆದಿದ್ದರೆ ಕರೆಂಟ್ ವಾಪಸ್, ಇಲ್ಲದಿದ್ದರೆ ಇಲ್ಲ. ಮಂಡಳಿಯ ನಿರ್ದೇಶಕರಾದ ದೇಶನೂರ ಸಾಹೇಬರು ನನ್ನನ್ನು ಕಂಟ್ರೋಲ್ ರೂಮಿಗೆ ಕರೆಸಿದ್ದರು. ಎರಡು ಗಂಟೆಗೆ ಸರಿಯಾಗಿ ನನಗೊಂದು ಶಾಲು ಹೊದಿಸುವವರಿದ್ದರು, ಅನಾಮಿಕಗಳನ್ನು ಬೇಗ ತೀರಿಸಿದ್ದಕ್ಕೆ.

ಹೊರಗೆ ನಲವತ್ತೆರಡು ಡಿಗ್ರಿ. ಒಳಗೆ ಸ್ವೆಟರ್ ಬೇಕೆನಿಸುವಷ್ಟು ತಂಪು. ಗಾಜಿನ ಆಚೆ ದೊಡ್ಡ ಕಂಪ್ಯೂಟರು, ಅದನ್ನು ತಂಪಾಗಿಡಲು ಸಾಲಾಗಿ ಆರು ಎಸಿ. ಗೋಡೆಯ ಮೇಲೆ ಆ ಕಟ್ಟಡಕ್ಕೇ ಸಿಕ್ಕ ‘ಅತ್ಯುತ್ತಮ’ ದರ್ಜೆಯ ಪ್ರಮಾಣಪತ್ರ, ಕಟ್ಟು ಹಾಕಿಸಿದ್ದು. ಇಡೀ ರಾಜ್ಯದಲ್ಲಿ ಜನರೇಟರ್ ಇಲ್ಲದ ಮೊದಲ ಕಚೇರಿ ನಮ್ಮದು ಎಂದು ಸಾಹೇಬರು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದೂವರೆ ಆಗಿತ್ತು. ಹೊತ್ತು ಕಳೆಯಲೆಂದು ಇರ್ಫಾನ್ ನನ್ನ ವಾರ್ಡಿನ ವ್ಯರ್ಥಗಳ ಗೆರೆಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸುತ್ತಿದ್ದ. ಸೋರುವ ಗೀಸರ್, ಜಂಗು ತಿಂದ ಮೋಟಾರ್, ಒಂದು ಹಳೇ ಕೂಲರ್. ಇನ್ನೂರಾ ಹನ್ನೆರಡು ಬಂದಾಗ ಅವನ ಕೈ ನಿಂತಿತು. ಇದಕ್ಕೆ ಫ್ರಿಜ್ ಅಂತ ಬರೆದವರು ಯಾರು ಎಂದು ಕೇಳಿದ. ನಾನೇ ಎಂದೆ. ಫ್ರಿಜ್ ಹೀಗೆ ನಡೆಯೂದಿಲ್ಲ ಅಕ್ಕಾ ಎಂದು ಗೆರೆಯನ್ನು ಹಿಗ್ಗಿಸಿದ.

ದೂರದಿಂದ ನೇರವಾಗಿ ಕಾಣುತ್ತಿದ್ದ ಗೆರೆ ಹತ್ತಿರದಿಂದ ಬಾಚಣಿಕೆಯ ಹಲ್ಲಿನಂತಿತ್ತು. ಏರುತ್ತಿತ್ತು, ಇಳಿಯುತ್ತಿತ್ತು. ನಿಮಿಷಕ್ಕೆ ಇಪ್ಪತ್ನಾಲ್ಕು ಸಲ. ಇರ್ಫಾನ್ ಹಿಂದಿನ ದಿನಗಳನ್ನು ತೆಗೆದ. ನಸುಕಿನಲ್ಲಿ ಹದಿನೆಂಟು. ಬೆಳಿಗ್ಗೆ ಏಳಕ್ಕೆ ಬಚ್ಚಲ ನಳ ನಿಂತ ಕೂಡಲೇ ಮೂವತ್ತಾರು, ಆಮೇಲೆ ಅರ್ಧ ತಾಸು ತೆಗೆದುಕೊಂಡು ನಿಧಾನಕ್ಕೆ ಇಳಿದದ್ದು. ಅಲ್ಲಲ್ಲಿ ನಾಲ್ಕೈದು ಗೆರೆಗಳು ಒಂದರ ಮೇಲೊಂದು ಮುಗ್ಗರಿಸಿದ್ದವು. ಅವನ್ನು ನೋಡುತ್ತ ಇರ್ಫಾನನ ದನಿ ತಗ್ಗಿತು.

“ಇದು ಕೆಮ್ಮು, ಅಕ್ಕಾ. ಇದು ಯಾರದೋ ಉಸಿರು.”

ಮನೆಯಲ್ಲಿಟ್ಟುಕೊಳ್ಳುವ ಆಮ್ಲಜನಕದ ಯಂತ್ರಗಳಲ್ಲಿ ಒಂದು ಜಾತಿಯಿದೆ, ಮೂಗಿನ ನಳಿಕೆಯಲ್ಲಿ ಉಸಿರು ಒಳಗೆಳೆದಾಗ ಮಾತ್ರ ಗಾಳಿ ಬಿಡುತ್ತದೆ, ಆಗ ಅದರ ಮೋಟಾರು ಒಂದು ಕ್ಷಣ ಹೆಚ್ಚು ಕರೆಂಟ್ ಎಳೆಯುತ್ತದೆ ಎಂದು ಅವನು ಹೇಳುತ್ತಿದ್ದ. ನನಗೆ ಅರ್ಧ ಮಾತು ಕೇಳಿಸಲೇ ಇಲ್ಲ. ಬಾಜೂ ಮನೆಯ ಕುಕ್ಕರ್. ಮುಖಕ್ಕೆ ಸುತ್ತಿದ ಟವೆಲ್. ಎತ್ತಿದ ಕೈಯನ್ನು ಬೇಗ ಮೊಣಕಾಲಿಗೆ ಊರಿಕೊಂಡದ್ದು. ಗಡಿಯಾರದಲ್ಲಿ ಒಂದೂಮುಕ್ಕಾಲು.

ಸಾಹೇಬರ ಬಳಿ ಓಡಿದೆವು. ಅವರು ಕೆಟ್ಟವರಲ್ಲ, ಮುಖ ನಿಜಕ್ಕೂ ಬಿಳಿಚಿಕೊಂಡಿತು. ಆದರೆ ವ್ಯರ್ಥ ಎಂದು ಒಮ್ಮೆ ಬರೆದದ್ದನ್ನು ಅಗತ್ಯ ಎಂದು ತಿದ್ದಲು ಮೂರು ಸಹಿ ಬೇಕು, ಜನ ವಶೀಲಿ ಮಾಡಿ ತಿದ್ದಿಸಿಕೊಳ್ಳಬಾರದೆಂದು ಅವರೇ ಮಾಡಿದ ನಿಯಮ. ಒಂದು ಸಹಿ ಅವರದು. ಇನ್ನಿಬ್ಬರು ಬೆಂಗಳೂರಿನಲ್ಲಿ ಸಭೆಯೊಂದರಲ್ಲಿದ್ದರು, ಫೋನ್ ಬಂದ್. ಸಾಹೇಬರು ಮತ್ತೆ ಮತ್ತೆ ಅದೇ ನಂಬರ್ ಒತ್ತುತ್ತ ಕೂತರು. ನಾನು ನೀಲವ್ವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತುವುದೂ ಇಲ್ಲ ಎಂದು ಗೊತ್ತಿತ್ತು. ಅವಳ ಫೋನಿನಲ್ಲಿ ನನ್ನ ನಂಬರ್ ಎಂದರೆ ಸರಕಾರ.

ಇರ್ಫಾನನಿಗೆ ಫೋನಿನಲ್ಲೇ ಇರು ಎಂದು ಹೇಳಿ ಕಿವಿಗೆ ವಯರ್ ಸಿಕ್ಕಿಸಿಕೊಂಡು ಸ್ಕೂಟಿ ಹತ್ತಿದೆ. ಸೆಕ್ಟರ್ ನಲವತ್ತಕ್ಕೆ ಹದಿನೈದು ನಿಮಿಷದ ದಾರಿ. ಕಾಲೇಜಿನ ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಅದನ್ನು ದಾಟುವುದರೊಳಗೆ ಕಿವಿಯಲ್ಲಿ ಇರ್ಫಾನ್ ಹೇಳಿದ, ಎರಡಾಯಿತು, ಹೋಯಿತು.

ಆ ಯಂತ್ರಕ್ಕೆ ಬ್ಯಾಟರಿ ಇರುತ್ತದೆಯೇ ಎಂದು ಕೇಳಿದೆ. ಇರುತ್ತದೆ, ಹೊಸದಾದರೆ ಎರಡು ತಾಸು, ಹಳೆಯದಾದರೆ ದೇವರೇ ಬಲ್ಲ ಎಂದ. ಎರಡು ನಿಮಿಷ ಬಿಟ್ಟು, ನಾಡಿ ನಿಮಿಷಕ್ಕೊಮ್ಮೆ ಬಿಟ್ಟು ನೋಡುತ್ತಿದೆ, ಮಷೀನ್ ಇನ್ನೂ ಹಚ್ಚಿಯೇ ಇದೆ ಎಂದ. ಮನೆಯಲ್ಲಿ ಇನ್ನೊಬ್ಬರು ಇದ್ದಾರೋ ಇಲ್ಲವೋ ಹೇಗೆ ತಿಳಿಯುವುದು ಎಂದು ನಾನು ಗೋಳಾಡಿದಾಗ ಅವನು ನೀರಿನ ಗೆರೆ ತೆಗೆದು ನೋಡಿದ. ನಂತರ ಹೇಳಿದ, ಬಚ್ಚಲ ನಳ ಜೋರಾಗಿ ಬಿಟ್ಟಿದೆ, ಇಪ್ಪತ್ತು ನಿಮಿಷದಿಂದ.

ನಾನು ಆ ಮನೆ ನೋಡಿದ್ದೆ. ಬಚ್ಚಲು ಹಿತ್ತಲಿನಲ್ಲಿ, ತಗಡಿನ ಬಾಗಿಲು. ಅವಳು ಬಟ್ಟೆ ಒಗೆಯುತ್ತಿದ್ದಾಳೆ. ನಳದ ಸದ್ದಿನಲ್ಲಿ, ಕಲ್ಲಿಗೆ ಬಡಿಯುವ ಸದ್ದಿನಲ್ಲಿ ಅವಳಿಗೆ ಫೋನೂ ಕೇಳಿಸುವುದಿಲ್ಲ, ಗಂಡನ ಉಬ್ಬಸವೂ ಕೇಳಿಸುವುದಿಲ್ಲ. ಬಚ್ಚಲಿಗೆ ಕಿಟಕಿಯ ಬೆಳಕಿದೆ, ಕರೆಂಟ್ ಹೋದದ್ದೂ ತಿಳಿಯುವುದಿಲ್ಲ.

ಮಂಡಳಿಯಲ್ಲಿ ಕೊಡುವುದಕ್ಕೆ ಮೂರು ಸಹಿ ಬೇಕು. ಕಡಿಯುವುದಕ್ಕೆ ಒಂದು ಬೆರಳು ಸಾಕು. ಅದು ನೆನಪಾದದ್ದೇ ತಡ, ನಡುರಸ್ತೆಯಲ್ಲಿ ಕೂಗಿದೆ.

“ಇರ್ಫಾನ್, ಆ ಮನೀ ನೀರು ಕಡಿ. ಈಗಿಂದೀಗ ಕಡಿ.”

ಅವನು ಯಾಕೆ ಎಂದು ಕೇಳಲಿಲ್ಲ. ಎರಡು ಗಂಟೆ ಏಳು ನಿಮಿಷಕ್ಕೆ ಇನ್ನೂರಾ ಹನ್ನೆರಡರ ನೀರು ನಿಂತಿತು.

ನಾನು ಗೇಟು ತಳ್ಳಿಕೊಂಡು ಒಳಗೆ ನುಗ್ಗಿದಾಗ ಎರಡೂ ಹದಿಮೂರು. ನೀಲವ್ವ ಒದ್ದೆ ಸೀರೆಯಲ್ಲಿ ಗಂಡನನ್ನು ಎದೆಗೆ ಆನಿಸಿಕೊಂಡು ನೆಲದ ಮೇಲೆ ಕೂತಿದ್ದಳು, ಒಂದು ಕೈಯಲ್ಲಿ ಮೊರದಿಂದ ಗಾಳಿ ಬೀಸುತ್ತಿದ್ದಳು. ಸೀರೆಯ ಪರದೆ ಹರಿದು ಬಿದ್ದಿತ್ತು. ಅದರ ಹಿಂದೆ ಸ್ಟೂಲಿನ ಮೇಲೆ ಬೂದು ಬಣ್ಣದ ಸಣ್ಣ ಯಂತ್ರ, ಕೆಂಪು ದೀಪ ಹೊತ್ತಿಸಿಕೊಂಡು ಕೀ ಎಂದು ಒಂದೇ ಸಮನೆ ಅರಚುತ್ತಿತ್ತು. ದ್ಯಾಮಣ್ಣನ ತುಟಿ ನೇರಳೆಯಾಗಿದ್ದವು. ಕಣ್ಣು ತೆರೆದೇ ಇದ್ದವು, ನನ್ನನ್ನೇ ನೋಡುತ್ತಿದ್ದವು. ಉಸಿರು ಎಳೆದುಕೊಳ್ಳುವಾಗ ಕೊರಳಿನ ಎರಡೂ ಕಡೆ ಗುಂಡಿ ಬೀಳುತ್ತಿತ್ತು.

ಅವನನ್ನು ಎತ್ತಿ ಸಾಗಿಸುವ ಹೊತ್ತಲ್ಲ ಅದು. ಪ್ಲಗ್ ಕಿತ್ತೆ. ಪಕ್ಕದ ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ಆ ಮನೆಯ ನಾಡಿಗೆ ಈ ಯಂತ್ರ ಹೊಸದು. ಹತ್ತು ದಿನ ಕೇಳಿ, ಅನಾಮಿಕ ಎಂದು ಪಟ್ಟಿ ಮಾಡಿ, ಯಾರೋ ನನ್ನಂಥವರು ವ್ಯರ್ಥ ಎಂದು ಬರೆಯುವವರೆಗೆ ಅದು ಏನನ್ನೂ ಕಡಿಯುವುದಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಬಗ್ಗಿ ಕೂಗಿದೆ. ಅಲ್ಲಿಯ ಹೆಂಗಸು ಕೂಲರಿನ ಉದ್ದ ವಯರನ್ನು ಗೋಡೆಯ ಮೇಲಿಂದ ಎಸೆದಳು. ಅದನ್ನು ಕಿಟಕಿಯಿಂದ ಒಳಗೆಳೆದು ಯಂತ್ರಕ್ಕೆ ಹಚ್ಚಿದೆ. ಅರಚುವುದು ನಿಂತಿತು. ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಟುಸ್ ಎಂದಿತು.

ನಾವಿಬ್ಬರೂ ನೆಲದ ಮೇಲೆ ಕೂತು ಆ ಸದ್ದನ್ನೇ ಕೇಳಿದೆವು. ನಿಮಿಷಕ್ಕೆ ನಲವತ್ತು. ಮೂವತ್ತೆಂಟು. ಮೂವತ್ತೊಂದು ಬರುವಷ್ಟರಲ್ಲಿ ಅವನ ತುಟಿಗೆ ಬಣ್ಣ ಬಂದಿತ್ತು. ನೀಲವ್ವ ಆಗ ಮಾತಾಡಿದಳು. ಆ ಯಂತ್ರ ದ್ಯಾಮಣ್ಣನ ಜೊತೆ ದುಡಿದವರೆಲ್ಲ ಕೂಡಿ ಎಲ್ಲಿಂದಲೋ ಹಳೆಯದನ್ನು ತಂದುಕೊಟ್ಟದ್ದು. ನಾಮಕರಣದ ದಿನ ನಾನು ಗೇಟಿನಲ್ಲಿ ನೀರಿನ ಬಗ್ಗೆ ಬಯ್ಯುತ್ತಿದ್ದಾಗಲೇ ಒಳಗೆ ದ್ಯಾಮಣ್ಣ ಪ್ಲಗ್ ತೆಗೆದು ಬ್ಯಾಟರಿಯ ಮೇಲೆ ಕೂತಿದ್ದ. ಆಗ ಅದು ಅರ್ಧ ತಾಸು ತಡೆಯುತ್ತಿತ್ತು, ಈಗ ಆರೇ ನಿಮಿಷ. ಇವತ್ತು ನಳ ಗಕ್ಕನೆ ನಿಂತಿತೆಂದು, ನೀರು ಬರುವ ದಿನವೇ ಯಾಕೆ ನಿಂತಿತೆಂದು ಬಯ್ಯುತ್ತ ಹೊರಗೆ ಬಂದಳಂತೆ. ಬರದಿದ್ದರೆ ಇನ್ನೂ ಆರು ಸೀರೆ ಒಗೆಯುವುದಿತ್ತು.

ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ.

“ಮನ್ಯಾಗ ದೊಡ್ಡ ಮಷೀನ್ ಐತಿ ಅಂತ ಗೊತ್ತಾದ್ರ ಕಾರ್ಡ್ ಕಿತ್ಕೋತಾರಂತ್ರಿ. ಕಾರ್ಡ್ ಹೋದ್ರ ಇವರಿಗೆ ದವಾಖಾನಿ ಇಲ್ಲ. ನಿಮ್ಮ ಕಡೆಯವ್ರು ಏನ್ ಕೇಳಿದ್ರೂ ನಾವು ಅರ್ಧಾನ ಹೇಳೂದ್ರಿ ಮೇಡಂ. ಹಿಂಗ ಬದುಕೀವಿ.”

ಅಷ್ಟರಲ್ಲಿ ಅವಳ ಫೋನ್ ಗುಣುಗಿತು. ಓದಲು ಬಾರದೆ ನನ್ನ ಕೈಗೆ ಕೊಟ್ಟಳು. ಅಭಿನಂದನೆಗಳು, ನಿಮ್ಮ ಮನೆಯ ವ್ಯರ್ಥ ಬಳಕೆ ನಿಂತಿದೆ, ನಿಮ್ಮ ಹೊಸ ದರ್ಜೆ ಉತ್ತಮ ಎಂದಿತ್ತು. ಏನಂತ ಬಂದೈತ್ರಿ ಎಂದಳು. ಏನಿಲ್ಲ ಎಂದು ಫೋನನ್ನು ಮಗುಚಿ ಇಟ್ಟೆ. ಆಗ ಅಳು ಬಂತು. ಅವಳೇ ನನ್ನ ಬೆನ್ನು ಸವರಿದಳು, ಒದ್ದೆ ಕೈಯಿಂದ. ಯಾರು ಯಾರಿಗೆ ಸಮಾಧಾನ ಹೇಳಬೇಕಿತ್ತೋ!

ಸಂಜೆ ಕಂಟ್ರೋಲ್ ರೂಮಿಗೆ ಮರಳಿದಾಗ ಇರ್ಫಾನ್ ಕುರ್ಚಿಯಿಂದ ಎದ್ದಿರಲಿಲ್ಲ. ಆ ಬಾಚಣಿಕೆಯ ಹಲ್ಲನ್ನು ಇಡೀ ನವನಗರದಲ್ಲಿ ಹುಡುಕಲು ಕಂಪ್ಯೂಟರಿಗೆ ಹೇಳಿದ್ದ. ವ್ಯರ್ಥ ಎಂದು ಬರೆದವುಗಳಲ್ಲೇ ಇನ್ನೂ ಒಂಬತ್ತು ಉಸಿರುಗಳು ಸಿಕ್ಕಿದ್ದವು. ಒಂಬತ್ತೂ ಎರಡನೆಯ ವಾರ್ಡಿನಲ್ಲಿ, ಪಾಲಿಶ್ ಕಾರ್ಖಾನೆಗಳವರು ಹೆಚ್ಚಾಗಿ ಇರುವ ಕಡೆ. ನಾಲ್ಕಕ್ಕೆ ಷರಾ ಬರೆದವಳು ನಾನು. ಆ ವಾರ್ಡಿಗೆ ನಿಯಮ ಜಾರಿಯಾಗುವುದು ಮಾರನೆಯ ದಿನ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ.

ಸಾಹೇಬರು ಬೆಂಗಳೂರಿಗೆ ಮಾತಾಡಿದ್ದರು. ವರದಿ ಕಳಿಸಿ, ಸೋಮವಾರದ ಸಭೆಯಲ್ಲಿ ನೋಡೋಣ ಎಂದಿದ್ದರಂತೆ. ಒಂದು ಮನೆಯ ಗೊಂದಲಕ್ಕೆ ಯೋಜನೆ ನಿಲ್ಲಿಸಿದರೆ ಜನ ಏನು ತಿಳಿದುಕೊಳ್ಳುತ್ತಾರೆ ಎಂದು ಅವರೂ ನಮ್ಮನ್ನು ಕೇಳಿದರು. ಅಷ್ಟರೊಳಗೆ ಆ ಒಂಬತ್ತು ಮನೆಯವರಿಗೆ ತಿಳಿಸಿಬಿಡಿ, ಪಕ್ಕದ ಮನೆಗೆ ವಯರ್ ಎಳೆದುಕೊಳ್ಳಲಿ ಎಂದರು. ಹೇಳುವಾಗ ಅವರ ಕಣ್ಣು ಮೇಜಿನ ಮೇಲಿತ್ತು.

ಹೋದೆ. ಕತ್ತಲಾಗುವ ಮುಂಚೆ ಒಂಬತ್ತೂ ಬಾಗಿಲು ತಟ್ಟಿದೆ. ಕೊರಳಲ್ಲಿ ಮಂಡಳಿಯ ಬಿಲ್ಲೆ ಇತ್ತು, ತೆಗೆದಿಡಬೇಕೆಂದು ತೋಚಲಿಲ್ಲ. ಮೂರು ಮನೆ ಬಾಗಿಲೇ ತೆಗೆಯಲಿಲ್ಲ. ಇಬ್ಬರು ನಂಬಿದರು. ನಾಲ್ಕು ಮನೆಯಲ್ಲಿ ಅಂಥ ಮಷೀನ್ ನಮ್ಮಲ್ಲಿಲ್ಲ ಎಂದರು. ಅದರಲ್ಲೊಂದು ಮನೆಯ ಹೊಸ್ತಿಲಲ್ಲಿ ನಿಂತಾಗ ಒಳಗಿನಿಂದ ಟುಸ್, ಟುಸ್ ಕೇಳಿಸುತ್ತಿತ್ತು. ಬಾಗಿಲಲ್ಲಿ ನಿಂತ ಮುದುಕಿ ನನ್ನ ಮುಖವನ್ನೇ ನೋಡುತ್ತ, ಕುಕ್ಕರ್ ಐತಿ ಎಂದಳು. ನಾನು ಅವಳ ಕಾಲಿಗೆ ಬೀಳುವುದೊಂದು ಬಾಕಿ. ಅವಳು ಬಾಗಿಲು ಹಾಕಿಕೊಂಡಳು. ವರ್ಷವಿಡೀ ಅವರನ್ನು ಬಯ್ದವಳ ಮಾತನ್ನು ಅವರು ಯಾಕಾದರೂ ನಂಬಬೇಕು?

ಶುಕ್ರವಾರ ಬೆಳಿಗ್ಗೆ ಟ್ಯಾಬ್ ತೆಗೆದು ನನ್ನ ಹಳೇ ಪಟ್ಟಿಗಳನ್ನು ನೋಡುತ್ತ ಕೂತೆ, ತಿದ್ದಲು ಏನಾದರೂ ದಾರಿ ಸಿಕ್ಕೀತೆಂದು. ತಿದ್ದುವ ದಾರಿ ಸಿಗಲಿಲ್ಲ. ಇತ್ಯರ್ಥವಾಗದೆ ಉಳಿದ ಒಂದೇ ಒಂದು ಅನಾಮಿಕ ಸಿಕ್ಕಿತು. ಮೊದಲನೆಯ ವಾರ್ಡ್, ಕಟ್ಟಡ ಸಂಖ್ಯೆ ಒಂದು: ಮಿತಬಳಕೆ ಮಂಡಳಿ, ಕಂಟ್ರೋಲ್ ರೂಮ್. ಉದ್ಘಾಟನೆಯ ಹಿಂದಿನ ದಿನ ಆ ಕಟ್ಟಡದ ನಾಮಕರಣ ನಾನೇ ಮಾಡಿದ್ದೆ. ಫೋಟೊದವರು ಬಂದರೆಂದು ಸಾಹೇಬರು ಅವಸರ ಮಾಡಿದ್ದರು. ಲೈಟು, ಪಂಪು, ಚಹಾದ ಕೆಟಲ್ ಇಷ್ಟಕ್ಕೇ ನಿಂತಿತ್ತು. ಆರು ಎಸಿಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಮೂವತ್ತು ಸಾವಿರ ವಾಟ್, ಅನಾಮಿಕ. ತಪಾಸಕಿಯ ಷರಾಕ್ಕಾಗಿ ಕಾಯುತ್ತಿದೆ ಎಂದು ಟ್ಯಾಬ್ ಹೇಳುತ್ತಿತ್ತು.

ಕೇಂದ್ರದ ಕಂಪ್ಯೂಟರಿನ ಮಾತು ಕೇಳಿಸದಿದ್ದರೆ ನಾಡಿ ಏನು ಮಾಡುತ್ತದೆ ಎಂದು ಇರ್ಫಾನನಿಗೆ ಫೋನ್ ಮಾಡಿ ಕೇಳಿದೆ. ಏನೂ ಮಾಡೂದಿಲ್ಲ, ಎಲ್ಲಾ ಬಿಟ್ಟು ಸುಮ್ಮನೆ ಕೂರುತ್ತದೆ, ಅದೊಂದನ್ನು ನಾನು ಹಟ ಹಿಡಿದು ಹಾಕಿಸಿದ್ದೆ ಎಂದ. ಮತ್ತೆ ಆ ಕಂಪ್ಯೂಟರ್ ಎಸಿ ಇಲ್ಲದೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಕೇಳಿದೆ. ಅವನು ಎದ್ದು ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

“ಬ್ಯಾಟರಿ ಕಂಪ್ಯೂಟರಿಗೈತಿ, ಎಸಿಗಿಲ್ಲ. ಈ ಬಿಸಿಲಾಗ ಅರ್ಧ ತಾಸು, ಭಾಳ ಅಂದ್ರ ಮುಕ್ಕಾಲು. ಅಕ್ಕಾ, ನೀವು ಕೇಳಿಲ್ಲ, ನಾನು ಹೇಳಿಲ್ಲ.”

ಮಂಡಳಿಗೆ ಹೋದೆ. ನಿಯಮದಂತೆ ಗಾಜಿನ ಮುಂದೆ ನಿಂತು ಆರೂ ಎಸಿಗಳನ್ನು ಕಣ್ಣಾರೆ ನೋಡಿದೆ. ಈ ಸಲ ಚಹಾ ಕುಡಿಯಲಿಲ್ಲ. ವ್ಯರ್ಥ ಎಂದು ಒತ್ತಿದೆ. ಕೆಳಗೆ ನನ್ನ ಹೆಸರು, ದಿನಾಂಕ, ಸಮಯ ತಾವಾಗಿ ಮೂಡಿದವು. ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಎರಡು ಗಂಟೆಗೆ ಕಂಟ್ರೋಲ್ ರೂಮಿನ ದೀಪ ಆರಿತು. ಎಸಿಗಳ ಸದ್ದು ನಿಂತಾಗಲೇ ಗೊತ್ತಾದದ್ದು ಆ ಕೋಣೆಯಲ್ಲಿ ಅಷ್ಟು ಸದ್ದಿತ್ತೆಂದು. ಪರದೆಗಳು ಮಾತ್ರ ಬ್ಯಾಟರಿಯ ಮೇಲೆ ಉರಿಯುತ್ತಿದ್ದವು. ಸಾಹೇಬರು ಕೋಣೆಯಿಂದ ಹೊರಗೆ ಬಂದರು, ಏನಾಯಿತೆಂದು ಕೇಳಿದರು. ವ್ಯರ್ಥ ಬಳಕೆ ಪತ್ತೆಯಾಗಿದೆ ಸರ್, ಎಸಿ ಆರಿಸಿದರೆ ಕರೆಂಟ್ ಬರುತ್ತದೆ ಎಂದು ಇರ್ಫಾನ್ ಪರದೆ ನೋಡಿಯೇ ಹೇಳಿದ. ಆರಿಸಿದರು. ದೀಪ ಬಂತು. ಮತ್ತೆ ಎಸಿ ಹಾಕಿದರು. ದೀಪ ಹೋಯಿತು. ಸಾಹೇಬರು ನನ್ನ ಕಡೆ ತಿರುಗಿದರು. ನಾನು ಟ್ಯಾಬ್ ಅವರ ಮುಂದೆ ಹಿಡಿದೆ. ತಿದ್ದು ಎಂದರು. ತಿದ್ದಲು ಮೂರು ಸಹಿ ಬೇಕಲ್ಲ ಸರ್ ಎಂದೆ.

ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಫೋನ್ ತೆಗೆದು ಬೆಂಗಳೂರಿನ ಎರಡೂ ನಂಬರುಗಳನ್ನು ಒತ್ತಿದರು. ಶುಕ್ರವಾರವೂ ಸಭೆಯಿತ್ತು. ಎರಡೂ ಹದಿನೈದಕ್ಕೆ ಕೋಣೆ ಸೆಕೆಯಾಯಿತು. ಗಾಜಿನ ಆಚೆ ಎಚ್ಚರಿಕೆಯ ದೀಪಗಳು ಒಂದೊಂದಾಗಿ ಹಳದಿಗೆ ತಿರುಗಿದವು. ಎರಡೂವರೆಗೆ ಒಬ್ಬ ಅಧಿಕಾರಿ ಸಿಕ್ಕ, ಸಹಿ ಮಾಡಿದ. ಒಂದು ಬಾಕಿ. ಇರ್ಫಾನ್ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಎರಡೂ ನಲವತ್ತು. ದೀಪಗಳು ಕೆಂಪಾದವು. ಎರಡೂ ನಲವತ್ತೆಂಟಕ್ಕೆ ಸಾಹೇಬರ ಫೋನಿನಲ್ಲಿ ಮೂರನೆಯವರ ದನಿ ಕೇಳಿಸಿತು. ಸಾಹೇಬರು ಬಾಯಿ ತೆರೆದವರು ನನ್ನನ್ನು ನೋಡಿದರು, ಎರಡನೆಯ ವಾರ್ಡಿನ ಪಟ್ಟಿಯಿದ್ದ ಪರದೆಯನ್ನು ನೋಡಿದರು. ಆಮೇಲೆ ಫೋನಿಗೆ, ಏನಿಲ್ಲ ಸರ್, ಸೋಮವಾರ ಮಾತಾಡೋಣ ಎಂದು ಇಟ್ಟುಬಿಟ್ಟರು. ನಾಡಿ ಬಿಟ್ಟಾಗ ಎಸಿ ತಾನಾಗಿ ಹತ್ತದಿರಲೆಂದು ಕಟ್ಟಡದ ಮೇನ್ ಸ್ವಿಚ್ ಇಳಿಸಿ, ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಳ್ಳುತ್ತ ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು.

ಎರಡೂ ಐವತ್ತೆರಡಕ್ಕೆ ಕಂಪ್ಯೂಟರು ಕಾವು ತಾಳದೆ ತಾನಾಗಿಯೇ ಮಲಗಿತು. ಪರದೆಗಳು ಕಪ್ಪಾದವು. ಊರಿನ ಹನ್ನೆರಡು ಸಾವಿರ ನಾಡಿಗಳಿಗೆ ಇನ್ನು ಹೇಳುವವರು ಯಾರೂ ಇರಲಿಲ್ಲ.

ಮೂರಾಯಿತು. ಮೂರೂ ಐದಾಯಿತು. ನಮಗೆ ಏನೂ ಕಾಣುವಂತಿರಲಿಲ್ಲ, ಆ ಒಂಬತ್ತು ಗೆರೆಗಳು ಏನಾದವೋ ತಿಳಿಯುವಂತಿರಲಿಲ್ಲ. ಮೂವರೂ ಬೆವರುತ್ತ ಕತ್ತಲ ಕೋಣೆಯಲ್ಲಿ ಕೂತೆವು. ಮೂರೂ ಹತ್ತಕ್ಕೆ ನನ್ನ ಫೋನ್ ರಿಂಗಾಯಿತು. ನೀಲವ್ವ. ಅವಳಾಗಿಯೇ ನನಗೆ ಮಾಡಿದ ಮೊದಲ ಫೋನ್ ಅದು.

ನಿನ್ನೆ ನಾನು ಬಾಗಿಲು ಬಾಗಿಲು ಅಲೆದದ್ದು ಅವಳ ಕಿವಿಗೂ ಬಿದ್ದಿತ್ತು. ಆ ಮನೆಗಳಲ್ಲಿ ಎರಡು ದ್ಯಾಮಣ್ಣನ ಜೊತೆ ದುಡಿದವರವೇ. ಮಧ್ಯಾಹ್ನ ಅಲ್ಲಿಗೆ ತಾನೇ ನಡೆದು ಹೋಗಿದ್ದಳಂತೆ, ಇವರಿಗೆ ನಿನ್ನೆ ಹಿಂಗಾತು ಎಂದು ಹೇಳಲು. ಈಗ ಅಲ್ಲಿಂದಲೇ, ಆ ಮುದುಕಿಯ ಮನೆಯಿಂದ ಮಾತಾಡುತ್ತಿದ್ದಳು.

“ಮೇಡಂ, ಇಲ್ಲಿ ಕರೆಂಟ್ ಐತ್ರಿ. ಹೋಗಿಲ್ಲ.”

ಅವಳು ಇನ್ನೂ ಏನೋ ಹೇಳುತ್ತಿದ್ದಳು. ಸ್ವಲ್ಪ ಸುಮ್ಮನಿರಿ ನೀಲವ್ವಾ ಎಂದೆ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಅವಳು ಸುಮ್ಮನಾದ ಮೇಲೆ ಹಿಂದಿನಿಂದ ಟುಸ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ. ಸಾಹೇಬರು ಫೋನಿನ ಮೇಲೆ ಬಾಗಿದರು, ಅದೇನು ಸದ್ದು ಎಂದು ನನ್ನನ್ನು ಕೇಳಿದರು. ಇರ್ಫಾನ್ ಗಡಿಯಾರ ನೋಡುತ್ತ ಬೆರಳು ಮಡಚಿ ಎಣಿಸತೊಡಗಿದ್ದ.